ಕಟ್ಟುವವರ ಕ್ಷೇಮ

ನಗರದ ಬೀದಿಯೊಂದರಲ್ಲಿ ಹೊಸ ಕಟ್ಟಡವು ಮೇಲೇಳುತ್ತಿರುತ್ತದೆ. ದಾರಿಹೋಕರು ಒಂದು ಗಳಿಗೆ ನಿಂತು ತಲೆಯೆತ್ತಿ ನೋಡುತ್ತಾರೆ. ಸಾರುವೆಯ ಮೇಲೆ ನಿಂತು ಗಾರೆ ಬಳಿಯುತ್ತಿರುವ ಕೆಲಸಗಾರ, ಬಾಣಲೆಯಲ್ಲಿ ಮರಳನ್ನು ಹೊತ್ತು ಮೆಟ್ಟಿಲೇರುತ್ತಿರುವ ಹೆಂಗಸು, ಕಬ್ಬಿಣದ ಸರಳುಗಳನ್ನು ಬಗ್ಗಿಸಿ ಕಟ್ಟುತ್ತಿರುವ ತರುಣ, ಆಕಾಶದಲ್ಲಿ ತೂಗಾಡುವ ಕ್ರೇನಿನ ಕೊಕ್ಕೆ, ಇವೆಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ಕಟ್ಟಡವು ಮುಗಿದ ಮೇಲೆ ಮಾಲೀಕನ ಹೆಸರು ಕಲ್ಲಿನಲ್ಲಿ ಮೂಡುತ್ತದೆ. ಕಟ್ಟಿದವರು ಮಾತ್ರ ಗಂಟುಮೂಟೆಗಳೊಡನೆ ಮುಂದಿನ ಕಟ್ಟಡಕ್ಕೆ ಹೊರಟುಹೋಗಿರುತ್ತಾರೆ. ಅವರಲ್ಲಿ ಎಷ್ಟು ಮಂದಿ ಕೈಕಾಲು ನೆಟ್ಟಗಿರುವಂತೆ ಹೊರಟರು ಎಂದು ವಿಚಾರಿಸುವವರು ವಿರಳ.

ಕೆಲಸದ ನಡುವೆ ಯಾರಾದರೂ ಬಿದ್ದರೆ, ಮಣ್ಣು ಕುಸಿದು ಸತ್ತರೆ, ಸುತ್ತಲಿನವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಅದು ಅವನ ಹಣೆಬರಹ. ಸ್ವಲ್ಪ ತಿಳಿದವರು ಅವನ ಅಜಾಗರೂಕತೆ ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಹೆಚ್ಚಿನ ಅಂತರವೇನೂ ಇಲ್ಲ. ಎರಡೂ ತಪ್ಪನ್ನು ಬಿದ್ದವನ ಮೇಲೆಯೇ ಹೊರಿಸುತ್ತವೆ. ಕಟ್ಟಡ ಕಾಮಗಾರಿಯ ಮೇಲ್ವಿಚಾರಕರಿಗೆ ಈಗ ಅನೇಕ ದೇಶಗಳಲ್ಲಿ ಆರೋಗ್ಯ, ಸುರಕ್ಷತೆ ಹಾಗೂ ಪರಿಸರ ರಕ್ಷಣೆಯ ತರಬೇತಿಯನ್ನು ಕೊಡಲಾಗುತ್ತಿದೆ. ಆ ತರಬೇತಿಯು ಮೊದಲು ಅಳಿಸಿಹಾಕುವುದು ಈ ಭಾವನೆಯನ್ನೇ. ಬೀಳುವ ಕ್ಷಣವು ಕೆಲಸಗಾರನದು. ಆದರೆ ಬೀಳುವಂತಹ ಜಾಗದಲ್ಲಿ ಅವನನ್ನು ನಿಲ್ಲಿಸಿದ ನಿರ್ಧಾರವು ಬೇರೊಬ್ಬರದು. ಆ ನಿರ್ಧಾರವು ಬಹಳ ಹಿಂದೆಯೇ, ಕೆಲವು ವೇಳೆ ನಕ್ಷೆಯನ್ನು ಬರೆಯುವಾಗಲೇ, ಆಗಿಹೋಗಿರುತ್ತದೆ.

ಹತ್ತು ಮೀಟರ್ ಎತ್ತರದಿಂದ ಜಾರಿದವನು ನೆಲವನ್ನು ಮುಟ್ಟುವುದಕ್ಕೆ ಒಂದೂವರೆ ಸೆಕೆಂಡೂ ಬೇಕಾಗುವುದಿಲ್ಲ. ಆ ಹೊತ್ತಿಗೆ ಅವನ ದೇಹದ ವೇಗವು ಗಂಟೆಗೆ ಸುಮಾರು 50 ಕಿಲೋಮೀಟರಿನಷ್ಟಾಗಿರುತ್ತದೆ. ಇಷ್ಟು ಅಲ್ಪ ಕಾಲದಲ್ಲಿ ಎಂತಹ ಜಾಗರೂಕನೂ ಏನನ್ನೂ ಮಾಡಲಾರನು. ಮಾಡಬೇಕಾದುದನ್ನೆಲ್ಲ ಮುಂಚೆಯೇ ಮಾಡಿರಬೇಕು. ಇದನ್ನು ಅರಿತಿದ್ದ ಒಬ್ಬ ಇಂಜಿನಿಯರನ ಕಥೆಯು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಸೇರಿದುದು.

ಆ ನಗರದ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಗೋಲ್ಡನ್ ಗೇಟ್ ತೂಗುಸೇತುವೆಯನ್ನು ಕಟ್ಟುವ ಕೆಲಸವು 1933ರ ಜನವರಿಯಲ್ಲಿ ಪ್ರಾರಂಭವಾಯಿತು. ಕೆಳಗೆ ರಭಸದಿಂದ ಹರಿಯುವ ತಣ್ಣನೆಯ ಸಮುದ್ರ. ಅದರಿಂದ ಸುಮಾರು 67 ಮೀಟರ್ ಎತ್ತರದಲ್ಲಿ ರಸ್ತೆ. ಬಗೆಬಗೆಯ ಗಾಳಿ, ಮುಸುಕುವ ಮಂಜು. ಅಂದಿನ ಗುತ್ತಿಗೆದಾರರಲ್ಲಿ ಒಂದು ಲೆಕ್ಕಾಚಾರ ರೂಢಿಯಲ್ಲಿತ್ತು. ಹತ್ತು ಲಕ್ಷ ಡಾಲರಿನ ಕೆಲಸಕ್ಕೆ ಒಂದು ಜೀವ ಹೋಗುವುದು ಸಹಜವೆಂದು ಅವರು ಎಣಿಸಿದ್ದರು. ಸಿಮೆಂಟು, ಉಕ್ಕುಗಳ ಜೊತೆಗೆ ಮನುಷ್ಯನ ಸಾವನ್ನೂ ಅಂದಾಜುಪಟ್ಟಿಗೆ ಸೇರಿಸಿದ್ದರೆಂದೇ ಹೇಳಬೇಕು. ಈ ಸೇತುವೆಯ ವೆಚ್ಚ ಮೂರೂವರೆ ಕೋಟಿ ಡಾಲರು. ಅಂದರೆ 35 ಮಂದಿ ಸಾಯುವರೆಂದು ಕೆಲಸ ಮೊದಲಾಗುವ ಮುನ್ನವೇ ಒಪ್ಪಿಕೊಂಡಂತಾಯಿತು.

ಪ್ರಧಾನ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕವನ್ನು ಒಪ್ಪಲಿಲ್ಲ. ಪ್ರತಿಯೊಬ್ಬನೂ ಗಟ್ಟಿ ಟೋಪಿಯನ್ನು, ಅಂದರೆ ಇಂದಿನ ಹೆಲ್ಮೆಟ್ಟಿನ ಪೂರ್ವಜನನ್ನು, ಧರಿಸಲೇಬೇಕೆಂದು ಆತನು ಕಟ್ಟಪ್ಪಣೆ ಮಾಡಿದನು. ನೀರಿನ ಥಳಕು ಕಣ್ಣಿಗೆ ಹೊಡೆಯದಂತೆ ಕನ್ನಡಕಗಳನ್ನು, ಚಳಿಗಾಳಿಗೆ ಚರ್ಮ ಒಡೆಯದಂತೆ ಲೇಪನವನ್ನು ಕೊಡಿಸಿದನು. ಎತ್ತರದಲ್ಲಿ ನಿಂತು ಸಾಹಸ ಪ್ರದರ್ಶನ ಮಾಡುವವನಿಗೆ ಅಂದೇ ಕೆಲಸದಿಂದ ವಜಾ. ಇವೆಲ್ಲಕ್ಕಿಂತ ಹೆಚ್ಚಾಗಿ, ರಸ್ತೆಯ ಭಾಗವನ್ನು ಕಟ್ಟುವಾಗ ಸೇತುವೆಯ ಕೆಳಗೆ ಒಂದು ದಡದಿಂದ ಇನ್ನೊಂದು ದಡದವರೆಗೆ ಹಗ್ಗದ ಬಲೆಯನ್ನು ಹರಡಿಸಿದನು. ಅದು ಸೇತುವೆಯ ಅಗಲಕ್ಕಿಂತ ಎರಡೂ ಪಕ್ಕಗಳಲ್ಲಿ ಹತ್ತು ಹತ್ತು ಅಡಿ ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ತಗಲಿದ ಖರ್ಚು ಸುಮಾರು 1,30,000 ಡಾಲರು. ಒಟ್ಟು ವೆಚ್ಚದೊಡನೆ ಹೋಲಿಸಿದರೆ ಇದು ನೂರಕ್ಕೆ ಅರ್ಧ ಪಾಲೂ ಆಗದು.

ಹತ್ತೊಂಬತ್ತು ಮಂದಿ ಆ ಬಲೆಗೆ ಬಿದ್ದು ಬದುಕಿಕೊಂಡರು. ಬದುಕಿದವರು ತಮ್ಮದೇ ಒಂದು ಕೂಟವನ್ನು ಕಟ್ಟಿಕೊಂಡು, ಅದಕ್ಕೆ ನರಕಕ್ಕೆ ಅರ್ಧದಾರಿ ಹೋಗಿಬಂದವರ ಸಂಘ ಎಂಬರ್ಥದ ಹೆಸರನ್ನು ವಿನೋದವಾಗಿ ಇಟ್ಟುಕೊಂಡರು. ಸುಮಾರು ನಾಲ್ಕು ವರ್ಷಗಳ ಕಾಲ ಆ ಕಾಮಗಾರಿಯಲ್ಲಿ ಒಂದು ಸಾವೂ ಸಂಭವಿಸಲಿಲ್ಲ. 1936ರ ಅಕ್ಟೋಬರಿನಲ್ಲಿ ಭಾರ ಎತ್ತುವ ಯಂತ್ರವೊಂದು ಉರುಳಿ ಒಬ್ಬನು ಮಡಿದನು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಅದನ್ನು ತರಬೇತಿಯ ತರಗತಿಗಳಲ್ಲಿ ಇಷ್ಟು ಚರ್ಚಿಸಬೇಕಾದ ಅಗತ್ಯವಿರುತ್ತಿರಲಿಲ್ಲ. 1937ರ ಫೆಬ್ರವರಿ 17ರ ಬೆಳಗ್ಗೆ, ರಸ್ತೆಯ ಅಡಿಭಾಗದಿಂದ ಅಚ್ಚಿನ ಹಲಗೆಗಳನ್ನು ಬಿಚ್ಚುವುದಕ್ಕಾಗಿ ತೂಗುಹಾಕಿದ್ದ, ಸುಮಾರು ಐದು ಟನ್ ತೂಕದ ಅಟ್ಟಣೆಯೊಂದು ತನ್ನ ಆಧಾರಗಳು ಮುರಿದು ಕಳಚಿತು. ಅದು ಬಲೆಯ ಮೇಲೆ ಬಿದ್ದಿತು. ಮನುಷ್ಯರನ್ನು ಹಿಡಿಯಲು ನೇಯ್ದ ಬಲೆಯು ಅಷ್ಟು ಭಾರವನ್ನು ತಡೆಯಲಾರದೆ ಹರಿದು, ಅಟ್ಟಣೆಯೊಡನೆ ಸಮುದ್ರದ ಪಾಲಾಯಿತು. ನೀರಿಗೆ ಬಿದ್ದ ಹನ್ನೆರಡು ಜನರಲ್ಲಿ ಹತ್ತು ಮಂದಿ ಸತ್ತರು. ಸೇತುವೆಯನ್ನು ತೆರೆಯಲು ಮೂರೇ ತಿಂಗಳು ಉಳಿದಿದ್ದವು.

ಬಲೆಯು ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ ಎಂಬುದು ಅಂದು ಕಂಡುಬಂದ ಸತ್ಯ. ತೂಗು ಅಟ್ಟಣೆಯ ಪ್ರತಿಯೊಂದು ಹಿಡಿಕೆಯೂ ಹೊರಬೇಕಾದ ಭಾರಕ್ಕೆ ತಕ್ಕುದಾಗಿತ್ತೇ ಎಂಬ ಪ್ರಶ್ನೆಯು ಬಲೆಗಿಂತ ಮೊದಲು ಬರತಕ್ಕದ್ದು. ಈ ಕಾರಣದಿಂದಲೇ ಇಂದಿನ ತರಬೇತಿಯಲ್ಲಿ ರಕ್ಷಣೆಯ ಉಪಾಯಗಳಿಗೆ ಒಂದು ಅನುಕ್ರಮವನ್ನು ಹೇಳಿಕೊಡುತ್ತಾರೆ. ಅಪಾಯವನ್ನು ಬುಡಸಹಿತ ತೆಗೆದುಹಾಕಲು ಸಾಧ್ಯವೇ ಎಂದು ಮೊದಲು ನೋಡಬೇಕು. ಮೇಲೆ ನಿಂತು ಜೋಡಿಸುವ ಕಬ್ಬಿಣದ ಚೌಕಟ್ಟನ್ನು ನೆಲದ ಮೇಲೆಯೇ ಜೋಡಿಸಿ ಕ್ರೇನಿನಿಂದ ಎತ್ತಿದರೆ ಬೀಳುವ ಮಾತೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಅದು ಆಗದಿದ್ದಲ್ಲಿ ಕಡಿಮೆ ಅಪಾಯದ ವಿಧಾನ. ಅದೂ ಆಗದಿದ್ದಲ್ಲಿ ಅಂಚಿಗೆ ತಡೆಗಂಬಿ, ಬಲೆ. ಅನಂತರ ನಿಯಮ, ಎಚ್ಚರಿಕೆಯ ಫಲಕ. ಎಲ್ಲಕ್ಕೂ ಕೊನೆಯಲ್ಲಿ ಬರುವುದು ಹೆಲ್ಮೆಟ್ಟು ಮತ್ತು ಸೊಂಟಪಟ್ಟಿ. ನಮ್ಮಲ್ಲಿನ ಎಷ್ಟೋ ಕಾಮಗಾರಿಗಳಲ್ಲಿ ಈ ಅನುಕ್ರಮವು ತಲೆಕೆಳಗಾಗಿರುವುದುಂಟು. ಒಂದು ಹೆಲ್ಮೆಟ್ಟನ್ನು ತಲೆಗಿಟ್ಟು ಕಳುಹಿಸಿದರೆ ಕರ್ತವ್ಯ ಮುಗಿಯಿತೆಂದು ಭಾವಿಸಲಾಗುತ್ತದೆ. ಹತ್ತನೆಯ ಮಹಡಿಯಿಂದ ಬೀಳುವವನಿಗೆ ಹೆಲ್ಮೆಟ್ಟು ಏನು ಮಾಡೀತು?

ಎತ್ತರಕ್ಕೆ ಏರಿದವನ ಅಪಾಯವು ಎಲ್ಲರ ಕಣ್ಣಿಗೂ ಕಾಣುತ್ತದೆ. ಹಳ್ಳಕ್ಕಿಳಿದವನದು ಕಾಣುವುದಿಲ್ಲ. ಒಳಚರಂಡಿಯ ಕೊಳವೆಗಾಗಿಯೋ ಪಾಯಕ್ಕಾಗಿಯೋ ತೋಡಿದ ಕಿರಿದಾದ ಕಾಲುವೆಯಲ್ಲಿ ಒಬ್ಬನು ನಿಂತಿದ್ದಾನೆ. ಬೇಸಗೆಯಲ್ಲಿ ಪಕ್ಕದ ಮಣ್ಣು ಗೋಡೆಯಂತೆ ಗಟ್ಟಿಯಾಗಿ ತೋರುತ್ತದೆ. ಒಂದು ಮಳೆ ಬಂದರೆ, ಅಥವಾ ಮಣ್ಣು ತುಂಬಿದ ಲಾರಿಯೊಂದು ಅಂಚಿನಲ್ಲಿ ಹಾದುಹೋದರೆ, ಅದೇ ಗೋಡೆ ಒಮ್ಮೆಲೇ ಕಳಚಿ ಬೀಳಬಹುದು. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೂ ಹೆಚ್ಚು. ಎದೆಯವರೆಗೆ ಹೂತುಹೋದವನ ಮುಖವು ಹೊರಗೇ ಇದ್ದರೂ, ಪಕ್ಕೆಲುಬುಗಳು ಅರಳಲಾರದೆ ಉಸಿರು ನಿಲ್ಲುತ್ತದೆ. ಆದುದರಿಂದ ಒಂದೂವರೆ ಮೀಟರಿಗಿಂತ ಆಳವಾದ ಕಾಲುವೆಯ ಪಕ್ಕಗಳಿಗೆ ಹಲಗೆ, ಅಡ್ಡಮರಗಳ ಆಧಾರ ಕೊಡಬೇಕೆಂದೂ, ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಬೇಕೆಂದೂ ಭಾರತೀಯ ಮಾನಕಗಳ ಸುರಕ್ಷತಾ ಸಂಹಿತೆಯು ವಿಧಿಸಿದೆ. ಇದಕ್ಕೆ ಬೇಕಾದುದು ದೊಡ್ಡ ಯಂತ್ರಗಳಲ್ಲ; ಹಲಗೆ, ಮರ ಮತ್ತು ಅರ್ಧ ದಿನದ ವ್ಯವಧಾನ. ಕಾಮಗಾರಿಗಳಲ್ಲಿ ದುರ್ಲಭವಾದುದು ಈ ಕೊನೆಯದೇ.

ಇಷ್ಟು ಸುರಕ್ಷತೆಯ ಮಾತಾಯಿತು. ತರಬೇತಿಯ ಹೆಸರಿನಲ್ಲಿ ಆರೋಗ್ಯವು ಸುರಕ್ಷತೆಗಿಂತ ಮೊದಲು ನಿಂತಿರುವುದಕ್ಕೂ ಕಾರಣವಿದೆ. ಕಟ್ಟುವ ಕೆಲಸದಲ್ಲಿ ಬಿದ್ದು ಸತ್ತವರಿಗಿಂತ ರೋಗದಿಂದ ಸತ್ತವರೇ ಹೆಚ್ಚಾದ ಉದಾಹರಣೆಗಳಿವೆ. ಅವುಗಳಲ್ಲಿ ಪನಾಮ ಕಾಲುವೆಯದು ಪ್ರಸಿದ್ಧವಾದುದು. ಸೂಯೆಜ್ ಕಾಲುವೆಯನ್ನು ತೋಡಿಸಿ ಕೀರ್ತಿಗಳಿಸಿದ್ದ ಫ್ರಾನ್ಸಿನ ಫರ್ಡಿನಾಂಡ್ ಡಿ ಲೆಸೆಪ್ಸನ ಕಂಪೆನಿಯು 1881ರಲ್ಲಿ ಪನಾಮದಲ್ಲಿ ಕೆಲಸಕ್ಕೆ ತೊಡಗಿತು. ಹಳದಿ ಜ್ವರ ಮತ್ತು ಮಲೇರಿಯಾಗಳು ಕೂಲಿಗಾರರನ್ನೂ ಇಂಜಿನಿಯರುಗಳನ್ನೂ ಸಮನಾಗಿ ಕೊಂದವು. 1889ರಲ್ಲಿ ಕಂಪೆನಿಯು ದಿವಾಳಿಯೆದ್ದಾಗ ಸತ್ತವರ ಸಂಖ್ಯೆ 20,000ಕ್ಕೂ ಹೆಚ್ಚೆಂದು ಅಂದಾಜು. ಆಸ್ಪತ್ರೆಗಳಲ್ಲಿ ಇರುವೆಗಳು ಹತ್ತದಿರಲೆಂದು ಮಂಚದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರು. ಆ ಬಟ್ಟಲುಗಳಲ್ಲೇ ಸೊಳ್ಳೆಗಳು ಬೆಳೆದು ಒಬ್ಬ ರೋಗಿಯಿಂದ ಮತ್ತೊಬ್ಬನಿಗೆ ಜ್ವರವನ್ನು ಹರಡುತ್ತಿದ್ದವು. ರೋಗಿಯನ್ನು ಉಳಿಸಬೇಕೆಂಬ ಕಾಳಜಿಯೇ, ತಿಳಿವಳಿಕೆಯಿಲ್ಲದ ಕಾರಣ, ಅವನಿಗೆ ಮೃತ್ಯುವಾಯಿತು.

1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ಜೀವಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡನು. ಹಳದಿ ಜ್ವರವೂ ಸೊಳ್ಳೆಯಿಂದಲೇ ಬರುವುದೆಂದು 1900ರಲ್ಲಿ ಕ್ಯೂಬಾದ ಪ್ರಯೋಗಗಳಿಂದ ಸ್ಥಿರಪಟ್ಟಿತು. 1904ರಲ್ಲಿ ಅಮೆರಿಕದವರು ಕಾಲುವೆಯ ಕೆಲಸವನ್ನು ವಹಿಸಿಕೊಂಡಾಗ ವೈದ್ಯಾಧಿಕಾರಿ ವಿಲಿಯಂ ಗಾರ್ಗಸನಿಗೆ ಇದೆಲ್ಲವೂ ತಿಳಿದಿತ್ತು. ಆದರೆ ಸೊಳ್ಳೆಗಳ ಬೆನ್ನುಹತ್ತಿ ಹಣ ಚೆಲ್ಲುವುದು ಮೇಲಧಿಕಾರಿಗಳಿಗೆ ಹುಚ್ಚಾಟವಾಗಿ ಕಂಡಿತು. 1905ರಲ್ಲಿ ಪ್ರಧಾನ ಇಂಜಿನಿಯರನಾಗಿ ಬಂದ ಜಾನ್ ಸ್ಟೀವನ್ಸ್ ಮಾತ್ರ ಬೇರೆ ತೆರನಾದ ಮನುಷ್ಯ. ಆತನು ಕಾಲುವೆಯ ಅಗೆತವನ್ನೇ ನಿಲ್ಲಿಸಿಬಿಟ್ಟನು. ಮೊದಲು ಮನೆಗಳು, ಕುಡಿಯುವ ನೀರಿನ ಕೊಳವೆಗಳು, ಚರಂಡಿಗಳು ಆಗಲಿ, ನೆಲ ಅಗೆಯುವುದು ಅನಂತರ ಎಂದನು. ಗಾರ್ಗಸನಿಗೆ ಬೇಕಾದ ಆಳುಗಳು, ಹಣ ಎರಡೂ ದೊರೆತವು. ನಿಂತ ನೀರಿನ ಮೇಲೆ ಎಣ್ಣೆ ಸುರಿಸಿದರು, ಕಿಟಕಿಗಳಿಗೆ ಜಾಲರಿ ಹಾಕಿದರು, ಮನೆಮನೆಗೂ ಹೊಗೆ ಹಾಕಿದರು. 1906ರ ಹೊತ್ತಿಗೆ ಹಳದಿ ಜ್ವರವು ಅಲ್ಲಿ ಕಾಣದಂತಾಯಿತು. ಆದರೂ 1914ರಲ್ಲಿ ಕಾಲುವೆ ತೆರೆಯುವವರೆಗೆ ರೋಗ ಮತ್ತು ಅಪಘಾತಗಳಿಂದ ಸತ್ತವರು ಅಧಿಕೃತ ಲೆಕ್ಕದಂತೆ 5,609 ಮಂದಿ. ಅವರಲ್ಲಿ ಬಹುಪಾಲು ವೆಸ್ಟ್ ಇಂಡೀಸ್ ದ್ವೀಪಗಳಿಂದ ಬಂದ ಕಪ್ಪು ಕೂಲಿಗಾರರೆಂಬುದನ್ನೂ ಮರೆಯಲಾಗದು. ಜಾಲರಿ ಹಾಕಿದ ಒಳ್ಳೆಯ ಮನೆಗಳು ಅವರ ಪಾಲಿಗೆ ಕಡಮೆಯೇ ಬಂದಿದ್ದವು.

ಇದು ದೂರದ ದೇಶದ, ಹಳೆಯ ಕಾಲದ ಮಾತೆಂದು ತಿಳಿಯಬೇಕಾಗಿಲ್ಲ. ಕಾಂಕ್ರೀಟು ಗಟ್ಟಿಯಾಗಲು ತಾರಸಿಯ ಮೇಲೆ ಕಟ್ಟೆ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುತ್ತಾರೆ. ಲಿಫ್ಟಿನ ಗುಂಡಿ, ನೀರಿನ ತೊಟ್ಟಿ, ಮುಚ್ಚದ ಡ್ರಮ್ಮುಗಳಲ್ಲೂ ನೀರು ನಿಂತಿರುತ್ತದೆ. ನಗರದ ಮಲೇರಿಯಾವನ್ನು ಹರಡುವ ಸೊಳ್ಳೆಗೂ ಡೆಂಗಿಯನ್ನು ಹರಡುವ ಸೊಳ್ಳೆಗೂ ಇಂತಹ ತಿಳಿನೀರೇ ತವರು. 1990ರ ದಶಕದಿಂದ ಮಂಗಳೂರು ನಗರದಲ್ಲಿ ಮಲೇರಿಯಾ ಹೆಚ್ಚಿದುದಕ್ಕೆ ಅಲ್ಲಿ ಭರದಿಂದ ಎದ್ದ ಕಟ್ಟಡಗಳೂ ಒಂದು ಮುಖ್ಯ ಕಾರಣವೆಂದು ವೈದ್ಯರು ಗುರುತಿಸಿದರು. ವಾರಕ್ಕೊಮ್ಮೆ ನೀರನ್ನು ಪೂರ್ಣವಾಗಿ ಬಸಿದು ಒಣಗಿಸಿದರೆ ಸೊಳ್ಳೆಯ ಮರಿಗಳು ರೆಕ್ಕೆ ಮೂಡುವ ಮುನ್ನವೇ ಸಾಯುತ್ತವೆ. ಅದನ್ನು ಮಾಡಿಸಬೇಕಾದವನು ವೈದ್ಯನಲ್ಲ. ಆ ನಿವೇಶನದ ಮೇಲ್ವಿಚಾರಕ.

ಧೂಳಿನ ವಿಷಯವೂ ಹೀಗೆಯೇ. ಗ್ರಾನೈಟು, ಹಾಸುಬಿಲ್ಲೆ, ಕಾಂಕ್ರೀಟುಗಳನ್ನು ಯಂತ್ರದಿಂದ ಕೊಯ್ಯುವಾಗ ಏಳುವ ಬಿಳಿಯ ಮೋಡದಲ್ಲಿ ಸಿಲಿಕಾ ಎಂಬ ಖನಿಜದ ಅತಿಸೂಕ್ಷ್ಮ ಕಣಗಳಿರುತ್ತವೆ. ಅವು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತವೆ. ಶ್ವಾಸಕೋಶವು ಗಡುಸಾಗುತ್ತ ಹೋಗಿ, ವರ್ಷಗಳ ಅನಂತರ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಚೆನ್ನಾಗಿ ಬಲ್ಲರು; 1940ರ ದಶಕದಲ್ಲಿ ಅಲ್ಲಿ ನಡೆದ ಪರೀಕ್ಷೆಗಳಲ್ಲಿ ಅದು ವ್ಯಾಪಕವಾಗಿ ಕಂಡುಬಂದಿತ್ತು. ಒಮ್ಮೆ ಬಂದರೆ ಇದನ್ನು ಗುಣಪಡಿಸುವ ಔಷಧವಿಲ್ಲ. ಬಾರದಂತೆ ಮಾಡುವ ಉಪಾಯವಾದರೋ ತೀರ ಸರಳ: ಕೊಯ್ಯುವ ಚಕ್ರದ ಮೇಲೆ ಒಂದು ಸಣ್ಣ ನಳಿಕೆಯಿಂದ ನೀರು ಬೀಳುತ್ತಿರಬೇಕು. ಬಾಯಿಗೆ ಟವಲು ಸುತ್ತಿಕೊಂಡರೆ ಈ ಕಣಗಳು ನಿಲ್ಲುವುದಿಲ್ಲ. ಹೆಚ್ಚಿನ ಕೆಲಸಗಾರರು ಮಾಡುವುದು ಅದನ್ನೇ.

ಅದೇ ಧೂಳು ಬೇಲಿಯಾಚೆಗೆ ಹಾರಿದರೆ ನೆರೆಹೊರೆಯವರ ಸಮಸ್ಯೆಯಾಗುತ್ತದೆ. ಇಲ್ಲಿಂದ ಪರಿಸರದ ಪಾಠ ಪ್ರಾರಂಭ. ಜಲ್ಲಿ, ಮರಳಿನ ರಾಶಿಗಳಿಗೆ ಹೊದಿಕೆ, ಹೊರಡುವ ಲಾರಿಯ ಚಕ್ರಗಳಿಗೆ ತೊಳೆತ, ರಾತ್ರಿಯ ವೇಳೆ ಸದ್ದಿನ ಯಂತ್ರಗಳಿಗೆ ಬಿಡುವು, ಇವು ಸಣ್ಣ ಮಾತುಗಳಂತೆ ತೋರಿದರೂ ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ದೊಡ್ಡವೇ. ಹಳೆಯ ಕಟ್ಟಡ ಕೆಡವಿದ ಇಟ್ಟಿಗೆ, ಕಾಂಕ್ರೀಟಿನ ಚೂರುಗಳನ್ನು ರಾತ್ರೋರಾತ್ರಿ ಕೆರೆಯಂಗಳಕ್ಕೋ ರಾಜಕಾಲುವೆಗೋ ಸುರಿಯುವುದು ಬೆಂಗಳೂರಿನ ಬಹುಕಾಲದ ಪಿಡುಗು. ಮಳೆ ಬಂದಾಗ ನೀರಿಗೆ ದಾರಿಯಿಲ್ಲದೆ ಅದು ಮನೆಗಳಿಗೆ ನುಗ್ಗುತ್ತದೆ. ಇಂತಹ ತ್ಯಾಜ್ಯವನ್ನು ಬೇರ್ಪಡಿಸಿ ಮರುಬಳಕೆಗೆ ಕಳುಹಿಸಬೇಕೆಂಬ ಪ್ರತ್ಯೇಕ ನಿಯಮಗಳು 2016ರಲ್ಲಿ ನಮ್ಮ ದೇಶದಲ್ಲಿ ಹೊರಬಂದವು.

ಕಾನೂನುಗಳ ಕೊರತೆ ನಮ್ಮಲ್ಲಿ ಇಲ್ಲ. ಕಾರ್ಖಾನೆಗಳ ಕಾಯಿದೆ 1948ರಲ್ಲಿಯೇ ಬಂದಿತು. ಕಟ್ಟಡ ಕಾರ್ಮಿಕರಿಗೆ ಮಾತ್ರ ಅವರದೇ ಆದ ಕೇಂದ್ರ ಕಾನೂನು ದೊರೆಯಲು 1996ರವರೆಗೆ ಕಾಯಬೇಕಾಯಿತು. ಅದಕ್ಕೆ ಹದಿಮೂರು ವರ್ಷಗಳ ಹಿಂದೆ, 1983ರಲ್ಲಿ, ಬೆಂಗಳೂರಿನ ಹೃದಯಭಾಗದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಕುಸಿದು ನೂರಕ್ಕೂ ಹೆಚ್ಚು ಮಂದಿ ಮಡಿದಿದ್ದರು. 1996ರ ಕಾನೂನು ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಗಳಿರಬೇಕೆಂದಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಅವರ ಎಳೆಯ ಮಕ್ಕಳಿಗಾಗಿ ಪಾಲನಾಗೃಹವನ್ನು ಕಡ್ಡಾಯ ಮಾಡಿತು. ಐನೂರು ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತಾ ಅಧಿಕಾರಿಯೊಬ್ಬನನ್ನು ನೇಮಿಸಬೇಕೆಂದು ವಿಧಿಸಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಈ ವಿಷಯಗಳನ್ನು ಅಡಕಗೊಳಿಸಲಾಗಿದೆ. ಆದರೆ ಐದಾರು ಮಹಡಿಯ ಮನೆ ಕಟ್ಟುವಲ್ಲಿ ಇರುವವರು ಮೂವತ್ತೋ ನಲವತ್ತೋ ಜನ. ಅಲ್ಲಿಗೆ ಪ್ರತ್ಯೇಕ ಸುರಕ್ಷತಾ ಅಧಿಕಾರಿ ಬರುವುದಿಲ್ಲ. ಇಂಜಿನಿಯರು, ಲೆಕ್ಕಿಗ, ಕಾವಲುಗಾರ ಎಲ್ಲವೂ ಆಗಿರುವ ಒಬ್ಬ ಮೇಲ್ವಿಚಾರಕನೇ ಅವರ ಪ್ರಾಣಕ್ಕೂ ಹೊಣೆ. ಅವನಿಗೆ ತರಬೇತಿ ಅತ್ಯಗತ್ಯವೆನ್ನುವುದು ಈ ಕಾರಣಕ್ಕೆ.

ಬ್ರಿಟನ್ನಿನಲ್ಲಿ ಕಾಮಗಾರಿಯ ಮೇಲ್ವಿಚಾರಕರಿಗಾಗಿ ಐದು ದಿನಗಳ ಶಿಕ್ಷಣಕ್ರಮವೊಂದು ರೂಢಿಯಲ್ಲಿದೆ. ಅದರ ಪ್ರಮಾಣಪತ್ರವನ್ನು ಐದು ವರ್ಷಗಳಿಗೊಮ್ಮೆ ಹೊಸದಾಗಿ ಪಡೆಯಬೇಕು. 2012ರ ಒಲಿಂಪಿಕ್ ಕ್ರೀಡೆಗಳಿಗಾಗಿ ಲಂಡನ್ನಿನಲ್ಲಿ ಕ್ರೀಡಾಂಗಣಗಳ ಸಮುಚ್ಚಯವನ್ನು ಕಟ್ಟುವಾಗ ಹಲವು ವರ್ಷಗಳಲ್ಲಿ ಸುಮಾರು 46,000 ಜನ ಅಲ್ಲಿ ದುಡಿದರು. ಅಪಘಾತದಿಂದ ಒಬ್ಬರೂ ಸಾಯಲಿಲ್ಲ. ಹತ್ತು ಲಕ್ಷ ಡಾಲರಿಗೆ ಒಂದು ಜೀವವೆಂಬ ಹಳೆಯ ಲೆಕ್ಕವು ಎಷ್ಟು ಸುಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಭಾರತದಲ್ಲಿಯೂ 1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಲಿಯು ಸ್ಥಾಪನೆಯಾಯಿತು. ಆ ದಿನವನ್ನು ಸುರಕ್ಷತಾ ದಿನವೆಂದು ಆಚರಿಸುತ್ತಾರೆ. ಮುಂಬಯಿ, ಚೆನ್ನೈ ಮುಂತಾದೆಡೆಯ ಸರ್ಕಾರಿ ಶ್ರಮ ಸಂಸ್ಥೆಗಳಲ್ಲಿ ಸುರಕ್ಷತೆಯನ್ನೇ ವಿಷಯವಾಗಿ ಬೋಧಿಸುತ್ತಾರೆ.

ತರಗತಿಯಲ್ಲಿ ಪುಸ್ತಕದ ಪಾಠ ಕಡಮೆ. ಒಂದು ಕಾಮಗಾರಿಯ ಚಿತ್ರವನ್ನು ಮುಂದಿಟ್ಟು ಇದರಲ್ಲಿ ಅಪಾಯಗಳೆಷ್ಟು, ಹುಡುಕಿ ಎನ್ನುತ್ತಾರೆ. ಮುಚ್ಚದ ಲಿಫ್ಟಿನ ಬಾಯಿ, ನೆಲದ ನೀರಿನಲ್ಲಿ ಹಾದುಹೋದ ವಿದ್ಯುತ್ ತಂತಿ, ಒಂದು ಗಳು ಸಡಿಲವಾದ ಸಾರುವೆ ಮೊದಲಾದವನ್ನು ಕಲಿಯುವವರು ಒಂದೊಂದಾಗಿ ಗುರುತಿಸುತ್ತಾರೆ. ಕೆಲಸ ಮೊದಲಾಗುವ ಮುನ್ನ ಹತ್ತು ನಿಮಿಷ ಕೆಲಸಗಾರರನ್ನು ಸೇರಿಸಿ ಆ ದಿನದ ಅಪಾಯಗಳನ್ನು ಹೇಗೆ ವಿವರಿಸಬೇಕೆಂಬುದನ್ನು ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನಂತಹ ನಗರದಲ್ಲಿ ಇದು ಸುಲಭವಲ್ಲ. ಸಾರುವೆಯ ಮೇಲೆ ರಾಯಚೂರು, ಯಾದಗಿರಿಯವರ ಜೊತೆಗೆ ಬಿಹಾರದವರೂ ಒಡಿಶಾ, ಬಂಗಾಳದವರೂ ಇರುತ್ತಾರೆ. ಕನ್ನಡದಲ್ಲಿ ಬರೆದ ಎಚ್ಚರಿಕೆಯ ಫಲಕವನ್ನು ಅವರಲ್ಲಿ ಅರ್ಧ ಜನ ಓದಲಾರರು. ಇಂಗ್ಲಿಷಿನದನ್ನು ಬಹುಶಃ ಯಾರೂ ಓದಲಾರರು. ಅಂತಹಲ್ಲಿ ಮಾತಿಗಿಂತ ಮಾಡಿ ತೋರಿಸುವುದೇ ಮೇಲು. ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ಕಲಿಸುತ್ತಾರೆ. ಮೇಲಿನಿಂದ ಬಿದ್ದ ಇಟ್ಟಿಗೆ ಯಾರಿಗೂ ತಗಲಲಿಲ್ಲವೆಂದು ನಕ್ಕು ಸುಮ್ಮನಾದರೆ, ಮುಂದಿನದು ತಗಲುವವರೆಗೆ ಯಾರೂ ಎಚ್ಚರಗೊಳ್ಳುವುದಿಲ್ಲ. ಇಂತಹುದನ್ನು ಹೇಳಿದ ಕೂಲಿಯವನನ್ನು ಗದರಿಸಿದರೆ ಮತ್ತೆಂದೂ ಅವನು ಬಾಯಿ ಬಿಡುವುದಿಲ್ಲ.

ಇಂತಹ ತರಗತಿಗೆ ಒಪ್ಪುವ ಒಂದು ಕಠಿಣ ಪ್ರಶ್ನೆಯಿದೆ. ತಾರಸಿಗೆ ಕಾಂಕ್ರೀಟು ಹಾಕುವ ದಿನ. ಕಾಂಕ್ರೀಟು ಕಲಸುತ್ತಿರುವ ಲಾರಿ ಬಂದು ಬಾಗಿಲಲ್ಲಿ ನಿಂತಿದೆ. ಅದರ ಹಿಂದೆ ಇನ್ನೆರಡು. ಒಂದೊಂದರಲ್ಲಿ ಹದಿನೈದು ಟನ್ನಿನಷ್ಟು ಮಾಲು. ಎರಡು ಗಂಟೆಗಳೊಳಗೆ ಸುರಿಯದಿದ್ದರೆ ಅದು ಗಟ್ಟಿಯಾಗಿ ಕೆಡುತ್ತದೆ. ಆ ಗಳಿಗೆಯಲ್ಲಿ ಬಡಗಿಯೊಬ್ಬನು ಬಂದು, ಸೆಂಟ್ರಿಂಗಿಗೆ ಕೊಟ್ಟ ಊರೆಗಂಬಗಳಲ್ಲಿ ಮೂರು ನಾಲ್ಕು ಬಿಡಿ ಇಟ್ಟಿಗೆಗಳ ಮೇಲೆ ನಿಂತಿವೆಯೆಂದು ಹೇಳುತ್ತಾನೆ. ಹಸಿ ಕಾಂಕ್ರೀಟಿಗೆ ಸ್ವಂತ ಬಲವೆಂಬುದಿಲ್ಲ. ಅದರ ಪೂರ್ತಿ ಭಾರ, ಮೇಲೆ ನಿಂತ ಜನರ ಭಾರ ಎಲ್ಲವೂ ಆ ಕಂಬಗಳ ಮೇಲೆಯೇ. ಮಾಲೀಕನು ದೂರವಾಣಿಯಲ್ಲಿ ಅವಸರಪಡಿಸುತ್ತಿದ್ದಾನೆ. ಮೇಲ್ವಿಚಾರಕನು ಏನು ಮಾಡಬೇಕು?

ಕೆಲಸ ನಿಲ್ಲಿಸಬೇಕು, ಕಾಂಕ್ರೀಟು ಕೆಟ್ಟರೆ ಕೆಡಲಿ, ಎಂದು ತರಗತಿಯ ಬೆಂಚಿನ ಮೇಲೆ ಕುಳಿತು ಉತ್ತರಿಸುವುದು ಕಷ್ಟವಲ್ಲ. ಉತ್ತರವೂ ಸರಿಯಾದುದೇ. ಬೋಧಕನು ಅದನ್ನು ಒಪ್ಪಿಕೊಂಡು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ: ಲಾರಿಗೆ ಹೇಳಿಕಳುಹಿಸುವ ಮುನ್ನ, ನಿನ್ನೆಯ ಸಂಜೆ, ಬೆಳಕಿರುವಾಗಲೇ ಆ ಕಂಬಗಳ ಬುಡವನ್ನು ಒಂದೊಂದಾಗಿ ಬಗ್ಗಿ ನೋಡಿ ಸಹಿ ಹಾಕಬೇಕಾಗಿದ್ದವರು ಯಾರು?